ಬಿಳಿ ಬ್ರೆಡ್ಡು

ಮೈಕಿನಲ್ಲಿ ಹಲೋ ಹಲೋ ಎಂದಾಗ ತನ್ನ ದನಿ ಬೇರೆ ಯಾರದೋ ಅನ್ನಿಸಿ ಮೈಥಿಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡಿದಳು. ಭಾನುವಾರದ ಮಧ್ಯಾಹ್ನ, ಹೈರಿಡ್ಜ್ ಬಡಾವಣೆಯಲ್ಲಿ ಈ ಪರದೇಶದ ಕನ್ನಡ ಬಳಗ ಬಾಡಿಗೆಗೆ ಹಿಡಿದ ಹಾಲು, ಹೊರಗೆ ನಿಂತ ಕಾರುಗಳ ಮೇಲೆಲ್ಲ ಜಕರಾಂಡದ ನೇರಳೆ ಹೂವು, ಒಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಎಳೆದಾಡುವ ಸದ್ದು. ಬಂದವರೆಲ್ಲ ಅವಳನ್ನು ಕಂಡು ಕೈ ಎತ್ತುತ್ತಿದ್ದರು, ಅವಳೂ ಎತ್ತುತ್ತಿದ್ದಳು, ಆದರೆ ಕಣ್ಣು ಮಾತ್ರ ಒಂದೇ ಮುಖಕ್ಕಾಗಿ ಕಾದಿತ್ತು. ಸಿಲ್ವಿಯಾ ಬರುತ್ತಾಳಾ? ಬಂದರೂ ತನ್ನ ಮುಖ ನೋಡುತ್ತಾಳಾ? ಮೂರು ವರ್ಷದಿಂದ ನೋಡಿಲ್ಲ. ಒಮ್ಮೆ ನ್ಗಾರಾದ ಬಟ್ಟೆ ಅಂಗಡಿಯಲ್ಲಿ ಎದುರೆದುರು ಸಿಕ್ಕಾಗ ಸಿಲ್ವಿಯಾ ಕೈಯಲ್ಲಿದ್ದ ಟವೆಲ್ಲನ್ನು ಇದ್ದಲ್ಲೇ ಇಟ್ಟು, ಅಂಗಡಿಯವನಿಗೆ ಮಾತ್ರ ಅಸಾಂಟೆ ಎಂದು ಥ್ಯಾಂಕ್ಸ್ ಹೇಳಿ ಹೊರಟುಹೋಗಿದ್ದಳು. ಟವೆಲ್ಲು ಮಾರುವವನಿಗಿದ್ದ ಮರ್ಯಾದೆ ಇಪ್ಪತ್ತು ವರ್ಷದ ಗೆಳತಿಗಿಲ್ಲ! ಅವತ್ತು ಮನೆಗೆ ಬಂದು ಮೈಥಿಲಿ ಮೊದಲು ಅತ್ತಿದ್ದಳು, ಆಮೇಲೆ ಸಿಟ್ಟಾಗಿದ್ದಳು. ಮಾಡದ ತಪ್ಪಿಗೆ ಎಷ್ಟು ದಿನ ತಲೆ ತಗ್ಗಿಸಿಕೊಂಡು ಓಡಾಡುವುದು? ಗಂಡ ಗೋಪಿನಾಥ್ ಪಕ್ಕದಲ್ಲಿ ಕುಳಿತು ಬೆನ್ನು ಸವರಿದ್ದ. 'ಬಿಡು, ಅವಳಿಗೆ ಯಾರ ಮೇಲಾದ್ರೂ ಹಾಕ್ಬೇಕಿತ್ತು, ನೀನು ಸಿಕ್ಕಿದೆ' ಎಂದಿದ್ದ. ಈಗ ಅದೇ ಗೋಪಿನಾಥ್ ಹಾಲಿನ ನಡುವೆ ಲ್ಯಾಪ್‌ಟಾಪು, ಪ್ರೊಜೆಕ್ಟರು, ಸೌಂಡಿನ ಪೆಟ್ಟಿಗೆ ಇಟ್ಟುಕೊಂಡು ಕುಳಿತು, ಮೈಕು ಸರಿಯಾಗಿದೆ ಎಂದು ಅವಳಿಗೆ ಹೆಬ್ಬೆರಳು ಎತ್ತಿ ತೋರಿಸಿದ. ಟೆಲಿಕಾಂ ಎಂಜಿನಿಯರು, ಬಳಗದಲ್ಲಿ ವೈರು, ಗುಂಡಿ ಏನಿದ್ದರೂ ಅವನದೇ.

ಬಳಗದಲ್ಲಿ ಇವಳ ಕೆಲಸಕ್ಕೆ 'ಸಿನಿಮಾ ಹೇಳೋದು' ಅಂತ ಹೆಸರು. ಬೆಂಗಳೂರು ಮೈಸೂರಿನಿಂದ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮ ಅತ್ತೆ ಮಾವಂದಿರು ಫ್ಲ್ಯಾಟಿನೊಳಗೆ ಕುಳಿತು ಕಾವಲಿನ ಅಸ್ಕಾರಿ ಗೇಟು ತೆಗೆಯುವುದನ್ನೂ ಹಾಕುವುದನ್ನೂ ನೋಡಿ ನೋಡಿ ಸಾಕಾಗಿರುತ್ತಾರೆ. ಅವರಿಗೋಸ್ಕರ ಎರಡು ತಿಂಗಳಿಗೊಂದು ಸಿನಿಮಾ. ಹೊರದೇಶದ್ದಾದರೆ ಕೆಳಗೆ ಓಡುವ ಇಂಗ್ಲಿಷ್ ಸಾಲು ಅವರಿಗೆ ಓದಲಾಗುವುದಿಲ್ಲ, ಓದಿ ಮುಗಿಸುವಷ್ಟರಲ್ಲಿ ಸಾಲು ಹೋಗಿರುತ್ತದೆ. ಹಾಗಾಗಿ ಪಾರ್ಕ್‌ಲ್ಯಾಂಡ್ಸಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮೈಥಿಲಿ ಮುಂದಿನ ಸಾಲಿನ ಮೂಲೆಯಲ್ಲಿ ಕುಳಿತು, ಸಾಲು ಬಂದ ಹಾಗೆ ಕನ್ನಡದಲ್ಲಿ ಹೇಳುತ್ತಾಳೆ. ಅವನು ಹೀಗಂದ, ಇವಳು ಹಾಗಂದಳು ಎಂದಲ್ಲ. ಅವರೇ ಮಾತಾಡಿದ ಹಾಗೆ, ನಾನು ನೀನು ಎಂದೇ. ಮಂಚದ ದೃಶ್ಯ ಬಂದಾಗ ಮಾತ್ರ 'ಇಬ್ಬರೂ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದಾರೆ' ಅನ್ನುತ್ತಾಳೆ. ಇಡೀ ಹಾಲು ಆ ಮಾತಿಗೇ ಕಾದು ಕುಳಿತಿದ್ದು ಗೊಳ್ಳೆಂದು ನಗುತ್ತದೆ. ಅದೊಂದು ಬಿಟ್ಟರೆ ಪರದೆಯ ಮೇಲಿಲ್ಲದ ಒಂದು ಮಾತನ್ನೂ ಅವಳು ಸೇರಿಸಿದವಳಲ್ಲ, ಇರುವ ಒಂದನ್ನೂ ಬಿಟ್ಟವಳಲ್ಲ. ಅವಳಿಗೆ ಅದೇ ಒಂದು ಹೆಮ್ಮೆ. ಹೋದ ವರ್ಷದ ಹಿಂದಿನ ರಾಜ್ಯೋತ್ಸವದಲ್ಲಿ ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, 'ಮೈಥಿಲಿ ಮೇಡಂ ಹೇಳಿದ್ರು ಅಂದ್ರೆ ಅದು ಹಾಗೇ ಇರುತ್ತೆ' ಎಂದು ಅಧ್ಯಕ್ಷ ಹೃಷಿಕೇಶ್ ಹೇಳಿದಾಗ ಅವಳು ಶಾಲಿನ ಅಂಚನ್ನು ಎದೆಗೆ ಎಳೆದುಕೊಂಡಿದ್ದಳು. ಆ ಶಾಲನ್ನು ಇವತ್ತೂ ಹೊದ್ದು ಬಂದಿದ್ದಾಳೆ. ಹಾಲಿನಲ್ಲಿ ಚಳಿ.

ಮೂರು ವರ್ಷದ ಹಿಂದಿನ ಆ ದಿನವೂ ಚಳಿಯೇ. ಜುಲೈ ತಿಂಗಳು, ಇಲ್ಲಿನ ಚಳಿಗಾಲ, ಸಂಜೆ, ಅವಳು ಚಪಾತಿ ಲಟ್ಟಿಸುತ್ತಿದ್ದಾಗ ಫೋನು ಬಂತು. ಕೈತುಂಬ ಹಿಟ್ಟು. ಮೊಣಕೈಯಿಂದ ಫೋನನ್ನು ಎಳೆದು, ಕಿರುಬೆರಳಲ್ಲಿ ಒತ್ತಿ, ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಟ್ಟಳು. ಆ ಕಡೆಯಿಂದ ಸಿಲ್ವಿಯಾ ಪಿಸುಗುಡುತ್ತಿದ್ದಳು, ಹಿಂದೆ ನೀರಿನ ಸದ್ದು. ಪಾತ್ರೆ ತೊಳೆಯುತ್ತ ಮಾತಾಡುತ್ತಿದ್ದಾಳೆ ಎಂದುಕೊಂಡು ಮೈಥಿಲಿ ಸ್ಪೀಕರಿನ ದನಿ ಇನ್ನೂ ಜೋರು ಮಾಡಿದಳು. ಸಿಲ್ವಿಯಾ ಹೇಳಿದ್ದಿಷ್ಟು. ಮಗಳು ಗ್ಲೋರಿಯಾ ಬಸುರಿ. ಹುಡುಗ ಆಲ್ಫ್ರೆಡ್, ಕಿಸುಮು ಊರಿನವನು, ಈ ದೇಶದವನೇ, ಕರಿಯ. ಒಳ್ಳೆಯ ಹುಡುಗ, ಮದುವೆ ಆಗುತ್ತಾರೆ. ಆದರೆ ಗಂಡ ಲಾರೆನ್ಸಿಗೆ ಇನ್ನೂ ಗೊತ್ತಿಲ್ಲ, ಅವನಿಗೆ ನಿಧಾನಕ್ಕೆ, ತಾನೇ, ಸಮಯ ನೋಡಿ ಹೇಳಬೇಕು. ಬೇರೆಯವರ ಬಾಯಿಂದ ಕೇಳಿದರೆ ಆ ಮನುಷ್ಯ ಕಲ್ಲಾಗಿಬಿಡುತ್ತಾನೆ. 'ನಿನ್ನತ್ರ ಮಾತ್ರ ಹೇಳಿದ್ದು ಮಾರಾಯ್ತಿ.' ಮೈಥಿಲಿ ಅಯ್ಯೋ ಅಂದಳು, ಸಮಾಧಾನ ಹೇಳಿದಳು, ನಡುವೆ ಒಂದು ಚಪಾತಿ ಸೀದುಹೋಯಿತು. ಯಾರಿಗೂ ಹೇಳಲಿಲ್ಲ. ದೇವರಾಣೆಗೂ ಯಾರಿಗೂ ಹೇಳಲಿಲ್ಲ. ಹತ್ತು ದಿನ ಕಳೆದು ಬಳಗದ ಚುನಾವಣೆ; ಅಧ್ಯಕ್ಷ ಸ್ಥಾನಕ್ಕೆ ಒಂದು ಕಡೆ ಬ್ಯಾಂಕಿನ ಹೃಷಿಕೇಶ್, ಇನ್ನೊಂದು ಕಡೆ ಸಿಲ್ವಿಯಾ. ಮತಕ್ಕೆ ಮೊದಲು ಹೃಷಿಕೇಶನ ಕಡೆಯವನೊಬ್ಬ ಎದ್ದು ನಿಂತು, 'ಸ್ವಂತ ಮಗಳು ಕರಿಯರ ಮನೆ ಸೇರಿ ಬಸುರಿಯಾಗಿರುವಾಗ ಇವರು ನಮ್ಮ ಮಕ್ಕಳಿಗೆ ಯಾವ ಸಂಸ್ಕೃತಿ ಕಲಿಸ್ತಾರೆ' ಎಂದು ಕೇಳಿಬಿಟ್ಟ. ಈ ದೇಶದ ನೆಲದ ಮೇಲೆ, ಈ ದೇಶದ ಚಹಾ ಕುಡಿಯುತ್ತ ಕೇಳಿದ ಪ್ರಶ್ನೆ! ಲಾರೆನ್ಸ್ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದ. ತಟ್ಟೆಯಲ್ಲಿ ಅರ್ಧ ಕಡಿದ ಒಬ್ಬಟ್ಟು. ಸಿಲ್ವಿಯಾ ಕೇಳಿದವನ ಕಡೆ ನೋಡಲಿಲ್ಲ, ಗಂಡನ ಕಡೆಗೂ ನೋಡಲಿಲ್ಲ. ನೇರವಾಗಿ ಮೈಥಿಲಿಯನ್ನು ನೋಡಿದಳು.

ಆಮೇಲೆ ಬಳಗ ಎರಡಾಯಿತು. ಸಿಲ್ವಿಯಾಳ ಕಡೆಯವರು 'ಕೂಟ' ಅಂತ ಮಾಡಿಕೊಂಡರು. ಎರಡು ರಾಜ್ಯೋತ್ಸವ, ಎರಡು ದೀಪಾವಳಿ, ಒಂದೇ ಅಡುಗೆಯವನಿಗೆ ಎರಡು ಕಡೆಯ ಆರ್ಡರು. ಮಕ್ಕಳು ಮಾತ್ರ ಶಾಲೆಯಲ್ಲಿ ಒಟ್ಟಿಗೇ ಕುಳಿತು ಎರಡೂ ಕಡೆಯ ಅಪ್ಪಂದಿರನ್ನು ಇಂಗ್ಲಿಷಿನಲ್ಲಿ ಗೇಲಿ ಮಾಡಿಕೊಂಡು ಬೆಳೆದವು. ಕೊನೆಗೆ ಎರಡೂ ಕಡೆ ಜನ ಸಾಲದೆ, ಹಾಲಿನ ಅರ್ಧ ಖಾಲಿ ಕುರ್ಚಿ ನೋಡುವುದು ಯಾರಿಗೂ ಬೇಡವಾಗಿ, ಹೋದ ತಿಂಗಳು ಮತ್ತೆ ಒಂದಾದರು. ಒಂದಾದ ಮೇಲಿನ ಮೊದಲ ಕಾರ್ಯಕ್ರಮ ಇವತ್ತಿನ ಸಿನಿಮಾ, ಸಿನಿಮಾ ಆರಿಸಿದ್ದು ಮೈಥಿಲಿಯೇ. ಸ್ಪೇನಿನದು. ಅಂತರ್ಯುದ್ಧ ಮುಗಿದ ಮೇಲೆ ಒಂದು ಸಣ್ಣ ಊರಿನಲ್ಲಿ ಜನ ಹೇಗೆ ಬದುಕಿದರು ಅನ್ನುವ ಕಾದಂಬರಿಯಿಂದ ಮಾಡಿದ್ದು. ಸೋತ ಕಡೆಯ ಒಬ್ಬ ಹುಡುಗ ಅಟ್ಟದಲ್ಲಿ ಅಡಗಿದ್ದಾನೆ, ಅವನ ಅಕ್ಕ ಕಾನ್ಸುವೆಲೋ ಅದನ್ನು ಪಕ್ಕದ ಮನೆಯ ಗೆಳತಿ ರೆಮೆಡಿಯೋಸಿಗೆ ಮಾತ್ರ ಹೇಳಿರುತ್ತಾಳೆ. ಒಂದು ದಿನ ಪೊಲೀಸರು ಬಂದು ನೇರವಾಗಿ ಅಟ್ಟ ಹತ್ತಿ ಹುಡುಗನನ್ನು ಎಳೆದುಕೊಂಡು ಹೋಗುತ್ತಾರೆ. ಅಲ್ಲಿಂದ ಮುಂದೆ ಹೆಂಗಸರಿಬ್ಬರೂ ಊರಿನ ಒಂದೇ ಕಾರಂಜಿಗೆ ನೀರಿಗೆ ಬರುತ್ತಾರೆ, ಒಬ್ಬರ ಕೊಡ ತುಂಬುವವರೆಗೆ ಇನ್ನೊಬ್ಬರು ನಿಂತಿರುತ್ತಾರೆ, ಮಾತಿಲ್ಲ. ಆ ಪುಟ ಓದಿದ ದಿನ ಮೈಥಿಲಿ ಪುಸ್ತಕ ಮಡಚಿಟ್ಟು, ಇದನ್ನು ಸಿಲ್ವಿಯಾ ನೋಡಬೇಕು ಎಂದು ತೀರ್ಮಾನ ಮಾಡಿದಳು. ಹೇಳದೆ ಆರೋಪ ಹೊತ್ತವಳ ಮುಖ ಹೇಗಿರುತ್ತದೆ ಎಂದು ಒಮ್ಮೆ ನೋಡಲಿ. ಅಷ್ಟು ನೋಡಿದರೆ ಸಾಕು, ಅವಳೇ ಬಂದು ಮಾತಾಡಿಸುತ್ತಾಳೆ. ಕಾದಂಬರಿಯ ಕೊನೆಗೆ ಹತ್ತಿರ ಬರುವ ರೆಮೆಡಿಯೋಸಿನ ಗಂಡನ ಭಾಗ ಅವಳಿಗೆ ಅಷ್ಟು ಹಿಡಿಸಿರಲಿಲ್ಲ. ಕಾದಂಬರಿ ಮುಗಿಸಬೇಕಲ್ಲ ಎಂದು ಬರೆದ ಹಾಗಿತ್ತು.

ಸಿಲ್ವಿಯಾ ಬಂದಳು. ದೀಪ ಆರಿಸುವ ಹೊತ್ತಿಗೆ, ಒಬ್ಬಳೇ. ಪಂಗಾನಿಯ ಮನೆಯಿಂದ ಜನ ತುಂಬಿದ ಮಟಾಟು ವ್ಯಾನಿನಲ್ಲಿ ಬಂದಿರಬೇಕು, ಸೆರಗು ಒಂದು ಕಡೆ ಮುದುರಿತ್ತು. ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕುಳಿತಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೂರು ವರ್ಷದಲ್ಲಿ ಇಷ್ಟೊಂದು? ಲಾರೆನ್ಸ್ ಮಗಳ ಹೆಸರನ್ನೇ ಎತ್ತುವುದಿಲ್ಲವಂತೆ. ಮೊಮ್ಮಗಳಿಗೆ ಎರಡು ದಾಟಿದೆಯಂತೆ. ಅದನ್ನು ನೋಡಲು ಸಿಲ್ವಿಯಾ ಆಸ್ಪತ್ರೆಯ ಡ್ಯೂಟಿ ಎಂದು ಗಂಡನಿಗೆ ಸುಳ್ಳು ಹೇಳಿ ಕಿಸುಮುವಿನ ಬಸ್ಸು ಹತ್ತುತ್ತಾಳಂತೆ. ಯಾರೋ ಹೇಳಿದ್ದು. ಮೈಥಿಲಿ ಮೈಕನ್ನು ಮಡಿಲಿಂದ ಎತ್ತಿಕೊಂಡಳು. ಸಿನಿಮಾ ಶುರುವಾಯಿತು. ಅವಳು ಚೆನ್ನಾಗಿ ಹೇಳಿದಳು, ಬಹಳ ಚೆನ್ನಾಗಿ. ಕಾರಂಜಿಯ ದೃಶ್ಯದಲ್ಲಿ ರೆಮೆಡಿಯೋಸ್ 'ನಾನು ಹೇಳಲಿಲ್ಲ ಕಾನ್ಸುವೆಲೋ, ನನ್ನ ಮಕ್ಕಳ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ' ಅಂದಾಗ ಮೈಥಿಲಿ ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದಳು, ಆ ಮಾತು ಕೊನೆಯ ಸಾಲಿನವರೆಗೂ ಮುಟ್ಟಲಿ ಎಂದು. ಮುಂದಿನ ಸಾಲಿನಲ್ಲಿ ಹೃಷಿಕೇಶನ ಅತ್ತೆ, ಹೆಸರು ಬಾಯಿಗೆ ತಿರುಗದೆ, 'ಪಾಪ ಆ ಹೆಣ್ಣು ಹೇಳಿಲ್ಲ ಕಣ್ರೀ, ಮುಖ ನೋಡಿದ್ರೇ ಗೊತ್ತಾಗುತ್ತೆ' ಎಂದು ಪಕ್ಕದವರಿಗೆ ಜೋರಾಗಿಯೇ ಹೇಳಿದರು. ಮೈಥಿಲಿಗೆ ಆಕೆಯನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ಯಾವ ದೇಶದ ಸಿನಿಮಾ ಆದರೂ ಬಳಗದಲ್ಲಿ ಇಂಟರ್ವಲ್ ಬೇಕೇ ಬೇಕು. ಅದು ಕಥೆ ನೋಡಿ ಬರುವುದಿಲ್ಲ, ಬೋಂಡ ಬೆಂದಾಗ ಬರುತ್ತದೆ. ರೆಮೆಡಿಯೋಸಿನ ಗಂಡ ಬಟ್ಟೆಯಲ್ಲಿ ಸುತ್ತಿದ ಬಿಳಿ ಬ್ರೆಡ್ಡು ತಂದು ಮೇಜಿನ ಮೇಲಿಟ್ಟಾಗಲೇ ಗೋಪಿನಾಥ್ ಸಿನಿಮಾ ನಿಲ್ಲಿಸಿ ದೀಪ ಹಾಕಿದ. ಊರಿಗೆಲ್ಲ ರೇಷನ್ನಿನ ಕರಿ ಬ್ರೆಡ್ಡು, ಇವರ ಮನೆಯೊಂದಕ್ಕೆ ಬಿಳಿಯದು. ಅದು ಎಲ್ಲಿಂದ ಬಂತು ಎಂದು ಅವಳು ಕೇಳುವುದಿಲ್ಲ, ಕೊಯ್ದು ಮಕ್ಕಳಿಗೆ ಬಡಿಸುತ್ತಾಳೆ. ಪರದೆಯ ಮೇಲೆ ಆ ಬ್ರೆಡ್ಡು ಹಾಗೇ ನಿಂತಿತ್ತು. ಜನ ಅದರ ಕೆಳಗೆ ಸಾಲು ನಿಂತು ಬೋಂಡ ಹಾಕಿಸಿಕೊಂಡರು. ಮೈಥಿಲಿ ಕೊನೆಯ ಸಾಲಿನ ಕಡೆ ಹೊರಟಿದ್ದಳು. ಏನು ಹೇಳುವುದು ಎಂದು ಗೊತ್ತಿರಲಿಲ್ಲ, ಚಹಾ ಕುಡೀತೀಯಾ ಎಂದಾದರೂ ಕೇಳೋಣ. ನಡುವೆ ಹೃಷಿಕೇಶ್ ಸಿಕ್ಕ. ರುಂಡಾದ ದೊಡ್ಡ ಮನೆ, ದೊಡ್ಡ ನಗು, ಎಲ್ಲರ ಹೆಗಲ ಮೇಲೂ ಕೈ ಹಾಕುವ ಮನುಷ್ಯ.

'ಮೇಡಂ, ಸೂಪರ್. ಒಳ್ಳೇ ಸೆಲೆಕ್ಷನ್. ಹಳೇದೆಲ್ಲ ಮರ್ತು ಮುಂದೆ ಹೋಗ್ಬೇಕು ಅನ್ನೋ ಮೆಸೇಜ್ ಇದೆ' ಎಂದ. ಬೋಂಡವನ್ನು ಚಟ್ನಿಗೆ ಅದ್ದಿ, ದನಿ ತಗ್ಗಿಸಿ, ಸಲಿಗೆಯಿಂದ, 'ಈಗ ಎಲ್ಲಾ ಒಂದಾದ್ವಲ್ಲ, ಅದಕ್ಕೇ ಹೇಳ್ತಿದೀನಿ. ಅವತ್ತು ನೀವು ಗೋಪಿ ಸರ್ ಹತ್ರ ಹೇಳಿ ಕಳಿಸ್ದೇ ಇದ್ದಿದ್ರೆ ನಾವು ಗೆಲ್ತಾನೇ ಇರ್ಲಿಲ್ಲ, ಗೊತ್ತಾ?'

'ಏನು ಹೇಳಿ ಕಳಿಸಿದ್ದೆ?'

'ಅದೇ ಮೇಡಂ, ಗ್ಲೋರಿಯಾ ಮ್ಯಾಟರ್.' ಅವನು ಸುತ್ತ ನೋಡಿದ. 'ಗೋಪಿ ಸರ್ ಬಂದು ಹೇಳಿದಾಗ ನಾನು ಮೊದ್ಲು ನಂಬ್ಲೇ ಇಲ್ಲ. ಮೈಥಿಲಿನೇ ಹೇಳಿದ್ಳು ಅಂದ್ರು. ಆಮೇಲೆ ಮಾತೇ ಇಲ್ಲ. ನೀವೇನೂ ಯೋಚ್ನೆ ಮಾಡ್ಬೇಡಿ, ನಿಮ್ಮ ಹೆಸ್ರು ನಾನು ಹೊರಗಡೆ ಎಲ್ಲೂ ಬಿಟ್ಟಿಲ್ಲ. ಕಮಿಟಿಯವ್ರಿಗೆ ಮಾತ್ರ ಗೊತ್ತು. ಅವ್ರಿಗೆಲ್ಲ ನಿಮ್ಮ ಮೇಲೆ ಎಂಥಾ ರೆಸ್ಪೆಕ್ಟು! ಶಾಲು ಹೊದಿಸಿದ್ದು ಬರೀ ಸಿನಿಮಾ ಹೇಳಿದ್ದಕ್ಕೆ ಅಂದ್ಕೊಂಡ್ರಾ?' ಎಂದು ಗಟ್ಟಿಯಾಗಿ ನಕ್ಕ, ಯಾರೋ ಕರೆದರೆಂದು ಆ ಕಡೆ ಹೋದ.

ಅವಳು ಅಲ್ಲೇ ನಿಂತಳು. ಹೆಗಲ ಮೇಲಿನ ಶಾಲು ಚುಚ್ಚಿದ ಹಾಗಾಯಿತು; ತೆಗೆದುಬಿಡಬೇಕು ಅನ್ನಿಸಿತು, ತೆಗೆದರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆ ಅನ್ನಿಸಿ ಹಾಗೇ ಬಿಟ್ಟಳು. ನಾಚಿಕೆ, ಮೊದಲು ಬಂದದ್ದು ನಾಚಿಕೆ. ಮೂರು ವರ್ಷದಿಂದ ಕಮಿಟಿಯವರ ಹೆಂಡಂದಿರು ಎದ್ದು ಕುರ್ಚಿ ಬಿಟ್ಟುಕೊಟ್ಟದ್ದು, ನಿಮ್ಮಂಥವರು ಬೇಕು ಮೇಡಂ ಎಂದದ್ದು, ಹೃಷಿಕೇಶನ ಮನೆಯ ಊಟದಲ್ಲಿ ತನ್ನನ್ನು ಮೊದಲ ಪಂಕ್ತಿಗೆ ಕೂರಿಸಿದ್ದು, ಎಲ್ಲವೂ ಒಂದೊಂದಾಗಿ ನೆನಪಾಯಿತು. ಗೆಳತಿಯನ್ನು ಹಿಡಿದುಕೊಟ್ಟವಳು ಎಂದು ಗೌರವ! ಅದನ್ನು ಅವಳು ತನ್ನ ಕನ್ನಡಕ್ಕೆ ಸಿಕ್ಕ ಗೌರವ ಎಂದುಕೊಂಡು ಹೊದ್ದು ಓಡಾಡಿದ್ದಳು. ಗೋಪಿನಾಥ್ ಅದೇ ವರ್ಷ ಕಾರ್ಯದರ್ಶಿಯಾದ. ಆಹ್ವಾನ ಪತ್ರಿಕೆಯಲ್ಲಿ ಅವನ ಹೆಸರು ಅಚ್ಚಾಗಿ ಬಂದಾಗ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದು ಅವಳೇ. ಚುನಾವಣೆಯ ದಿನ ಸಭೆಯಿಂದ ಬಂದ ಮೇಲೆ ಅವನನ್ನು ನೇರವಾಗಿ ಕೇಳಿದ್ದಳಲ್ಲ, 'ನೀವೇನಾದ್ರೂ ಕೇಳಿಸ್ಕೊಂಡ್ರಾ, ಯಾರಿಗಾದ್ರೂ ಹೇಳಿದ್ರಾ' ಎಂದು? 'ನಂಗೇನು ಬೇರೆ ಕೆಲ್ಸ ಇಲ್ವಾ' ಎಂದು ಅವನು ರೇಗಿದ್ದ. ರೇಗಿದ್ದು ನೋಡಿ ಅನುಮಾನ ಪಟ್ಟದ್ದಕ್ಕೆ ಅವಳೇ ಕ್ಷಮೆ ಕೇಳಿದ್ದಳು. ರಾತ್ರಿ ಅವನಿಗೆ ಇಷ್ಟ ಎಂದು ಮೆಂತ್ಯದ ಬಾತು ಮಾಡಿದ್ದಳು!

ಗೋಪಿನಾಥ್ ಲೋಟ ಹಿಡಿದು ಬಂದ. ಬಿಸಿನೀರಿಗೆ ಜೇನುತುಪ್ಪ ಹಾಕಿದ್ದು. ಎರಡನೇ ಭಾಗಕ್ಕೆ ಗಂಟಲು ಸರಿಯಿರಲಿ ಎಂದು ಪ್ರತಿ ಸಿನಿಮಾಕ್ಕೂ ಅವನು ಮನೆಯಿಂದ ಫ್ಲಾಸ್ಕಿನಲ್ಲಿ ತರುತ್ತಾನೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಮರೆತಿಲ್ಲ. ಕೆಟ್ಟ ಗಂಡನಾಗಿದ್ದರೆ ಎಷ್ಟು ಸುಲಭವಿತ್ತು ಎಂದು ಅವಳಿಗೆ ಅನ್ನಿಸಿತು.

'ನೀವಾ ಹೇಳಿದ್ದು?' ಎಂದಳು.

ಅವನು ಏನು ಎಂದು ಕೇಳಲಿಲ್ಲ. ದೂರದಲ್ಲಿ ನಗುತ್ತಿದ್ದ ಹೃಷಿಕೇಶನನ್ನು ನೋಡಿದ, ಇವಳನ್ನು ನೋಡಿದ, ಲೋಟದ ಅಂಚಿನಲ್ಲಿ ಅಂಟಿದ್ದ ಜೇನನ್ನು ಹೆಬ್ಬೆರಳಿಂದ ಒರೆಸಿದ. 'ಈಗ್ಯಾಕೆ ಅದೆಲ್ಲಾ? ಸಿನಿಮಾ ಮುಗೀಲಿ. ಮನೆಗೆ ಹೋಗಿ ಮಾತಾಡೋಣ.'

'ನನ್ನ ಹೆಸರು ಯಾಕೆ ಹೇಳಿದ್ರಿ?'

'ಮೈಥಿಲಿ, ಎಲ್ರೂ ನೋಡ್ತಿದಾರೆ.'

'ಯಾಕೆ ಹೇಳಿದ್ರಿ?'

'ನಾನು ಹೇಳಿದ್ರೆ ಯಾರು ನಂಬ್ತಾರೆ?' ಎಂದ ಅವನು. ಅದರಲ್ಲಿ ಸಿಟ್ಟಿರಲಿಲ್ಲ, ಮೋಸವೂ ಇರಲಿಲ್ಲ, ಬಹುದಿನದಿಂದ ಒಳಗಿದ್ದ ಒಂದು ಸಣ್ಣ ಬೇಸರವಿತ್ತು. 'ನೀನು ಸುಳ್ಳು ಹೇಳಲ್ಲ ಅಂತ ಎಲ್ರಿಗೂ ಗೊತ್ತು. ನನ್ನ ಮಾತಿಗೆ ಇಲ್ಲಿ ಯಾರು ಬೆಲೆ ಕೊಟ್ಟಿದ್ರು ಹೇಳು? ಮೈಥಿಲಿ ಮೇಡಂ ಹಸ್ಬೆಂಡು, ಮೈಕ್ ಹಿಡ್ಕೋ, ವೈರ್ ಸುತ್ತು, ಅಷ್ಟೇ. ಅದು ಇಷ್ಟು ದೂರ ಹೋಗುತ್ತೆ ಅಂತ ನಂಗೇನು ಗೊತ್ತಿತ್ತು? ತಗೋ, ಆರುತ್ತೆ.' ಲೋಟವನ್ನು ಅವಳ ಕೈಗೆ ಹಿಡಿಸಿ ಅವನು ಲ್ಯಾಪ್‌ಟಾಪಿನ ಕಡೆ ಹೋದ, ದೀಪ ಆರಿಸಿದ. ಅವಳು ಕತ್ತಲಲ್ಲಿ ತನ್ನ ಕುರ್ಚಿಗೆ ನಡೆದಳು. ಲೋಟವನ್ನು ಕುರ್ಚಿಯ ಕೆಳಗಿಟ್ಟಳು, ಕುಡಿಯಲಿಲ್ಲ. ಪರದೆಯ ಮೇಲೆ ನಿಂತಿದ್ದ ಬ್ರೆಡ್ಡು ಮತ್ತೆ ಅಲುಗಾಡಿತು, ರೆಮೆಡಿಯೋಸಿನ ಕೈ ಚಾಕು ಹಿಡಿದು ಅದನ್ನು ಕೊಯ್ಯಲು ತೊಡಗಿತು.

ಎರಡನೇ ಭಾಗವನ್ನು ಅವಳು ಹೇಗೆ ಹೇಳಿದಳೋ. ಬಾಯಿ ತನ್ನಷ್ಟಕ್ಕೆ ಹೇಳಿಕೊಂಡು ಹೋಗುತ್ತಿತ್ತು, ಪಾದ್ರಿಯ ಮಾತು, ರೇಷನ್ ಸಾಲಿನ ಹೆಂಗಸರ ಮಾತು, ಗಂಡನ ಮಾತು. ಅಟ್ಟದ ಗುಟ್ಟನ್ನು ಪೊಲೀಸರಿಗೆ ಮುಟ್ಟಿಸಿದವನು ಈ ಗಂಡನೇ, ಆದರೂ ಒಳ್ಳೆಯ ಮನುಷ್ಯ. ಹೆಂಡತಿಗೆ ಚಳಿಯೆಂದು ಒಲೆಗೆ ಸೌದೆ ಹಾಕುತ್ತಾನೆ, ಕಾನ್ಸುವೆಲೋ ಮುಖ ತಿರುಗಿಸಿಕೊಂಡು ಹೋದ ದಿನ ಹೆಂಡತಿಯ ಬೆನ್ನು ಸವರಿ 'ಅವಳಿಗೆ ದುಃಖದಲ್ಲಿ ತಲೆ ಕೆಟ್ಟಿದೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ' ಅನ್ನುತ್ತಾನೆ. ಆ ಸಾಲನ್ನು ಕನ್ನಡದಲ್ಲಿ ಹೇಳುವಾಗ ಮೈಥಿಲಿಯ ನಾಲಿಗೆ ತೊಡರಿತು. ಪುಸ್ತಕದಲ್ಲಿ ಇದನ್ನು ಓದಿದ್ದಳಲ್ಲ, ಓದಿ ಪುಟ ತಿರುಗಿಸಿದ್ದಳಲ್ಲ! ಇಂಗ್ಲಿಷಿನಲ್ಲಿದ್ದುದರಿಂದ ತನ್ನದು ಅನ್ನಿಸಲಿಲ್ಲವೋ, ಅಥವಾ ಅನ್ನಿಸುವುದು ಬೇಡವಾಗಿತ್ತೋ. ಅವತ್ತು ಫೋನಿನಲ್ಲಿ ಮಾತಾಡುವಾಗ ಅವನು ಪಕ್ಕದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದ. ಇದ್ದನಾ? ಆಮೇಲೆ ಬಂದು, ಸೀದ ಚಪಾತಿಯ ವಾಸನೆ ಹಿಡಿದು, ಏನಾಯ್ತೇ ಎಂದು ನಕ್ಕಿದ್ದ. ಏನಿಲ್ಲ ಎಂದಿದ್ದಳು. ಅವನು ಸೀದ ಚಪಾತಿಯನ್ನು ತಾನೇ ಹಾಕಿಕೊಂಡು ತಿಂದಿದ್ದ. ಎಲ್ಲವನ್ನೂ ಕೇಳಿಸಿಕೊಂಡು ಬಂದು, ಕೂತು, ತಿಂದಿದ್ದ.

ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ರೆಮೆಡಿಯೋಸ್ ತನ್ನೊಳಗೇ ಪುಟಗಟ್ಟಲೆ ಮಾತಾಡುತ್ತಾಳೆ, ಬಾಲ್ಯ, ಮದುವೆ, ದೇವರು, ಎಲ್ಲ ಬರುತ್ತದೆ, ಗಂಡನ ಹೆಸರು ಮಾತ್ರ ಬರುವುದಿಲ್ಲ. ಸಿನಿಮಾ ಮಾಡಿದವನು ಆ ಅಧ್ಯಾಯವನ್ನು ಪೂರ್ತಿ ಕಿತ್ತುಹಾಕಿದ್ದ. ಇಲ್ಲಿ ಇರುವುದು ಒಂದು ಮೇಜು, ಗಂಡ, ಹೆಂಡತಿ, ನಡುವೆ ಬಿಳಿ ಬ್ರೆಡ್ಡು. ಗಂಡ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಾನೆ. ಅವಳು ಚಾಕು ತೆಗೆದುಕೊಳ್ಳುತ್ತಾಳೆ, ಬ್ರೆಡ್ಡನ್ನು ನೋಡುತ್ತಾಳೆ, ಚಾಕು ಕೆಳಗಿಡುತ್ತಾಳೆ. ಕೊಯ್ಯುವುದಿಲ್ಲ. ಗಂಡನ ಮುಖವನ್ನು ನೋಡುತ್ತಾಳೆ, ಅಷ್ಟೆ. ಮಾತಿಲ್ಲ, ಸಂಗೀತವಿಲ್ಲ, ಪರದೆಯ ಕೆಳಗೆ ಒಂದೇ ಒಂದು ಇಂಗ್ಲಿಷ್ ಅಕ್ಷರವಿಲ್ಲ. ಮೈಥಿಲಿ ಮೈಕನ್ನು ಇಳಿಸಿದಳು. ಆದರೆ ಸುಮ್ಮನಿರುವ ಸಿನಿಮಾ ಮುದುಕಿಯರಿಗೆ ಆಗಿಬರುವುದಿಲ್ಲ. ತಾವು ಏನೋ ತಪ್ಪಿಸಿಕೊಂಡೆವು ಎಂದೇ ಅವರ ಲೆಕ್ಕ.

'ಏನಂತಾಳಮ್ಮ?' ಎಂದರು ಹೃಷಿಕೇಶನ ಅತ್ತೆ. 'ಯಾಕೆ ಬ್ರೆಡ್ ಕುಯ್ಯಲ್ಲ ಅವಳು? ಏನಂತಿದಾಳೆ, ಹೇಳಮ್ಮ!'

ಏನೂ ಅನ್ನುತ್ತಿಲ್ಲ ಎಂದು ಹೇಳಬೇಕಿತ್ತು. ಪ್ರತಿ ಸಲ ಹಾಗೇ ಹೇಳುತ್ತಿದ್ದಳು, 'ಸುಮ್ಮನಿದ್ದಾಳೆ' ಎಂದು. ಮೈಥಿಲಿ ಮೈಕನ್ನು ಬಾಯಿಗೆ ಹಿಡಿದಳು.

'ಕಾನ್ಸುವೆಲೋ,' ಎಂದಳು. 'ನಿನ್ನ ಮನೆ ಮಾತು ಹೊರಗೆ ಹಾಕಿದ್ದು ನಾನಲ್ಲ. ನನ್ನ ಎದುರಿಗೆ ಕೂತು ಊಟ ಮಾಡ್ತಾನಲ್ಲ, ಇವನು. ಹೇಳಿದ್ದಲ್ಲದೆ ನನ್ನ ಹೆಸರು ಹಾಕಿ ಹೇಳಿದ, ನನ್ನ ಮಾತಾದರೆ ಊರು ನಂಬುತ್ತೆ ಅಂತ.'

ಅಷ್ಟರಲ್ಲಿ ಮೈಕು ಸತ್ತಿತು. ಅವಳು ತಿರುಗಿ ನೋಡಲಿಲ್ಲ. ನೋಡದೆಯೂ ಗೊತ್ತಿತ್ತು, ಗೋಪಿನಾಥನ ಬೆರಳು ಸೌಂಡಿನ ಪೆಟ್ಟಿಗೆಯ ಯಾವ ಗುಂಡಿಯ ಮೇಲಿದೆ ಎಂದು. 'ಮೈಕ್ ಹೋಯ್ತು, ಜೋರಾಗಿ ಹೇಳಮ್ಮ!' ಎಂದು ಯಾರೋ ಅಜ್ಜಿ ಕೂಗಿದರು. ಮೈಥಿಲಿ ಎದ್ದು ನಿಂತು ಮೈಕನ್ನು ಕುರ್ಚಿಯ ಮೇಲಿಟ್ಟಳು. ಗದ್ದಲ ಮಾಡುವ ಹುಡುಗರ ತರಗತಿಯಲ್ಲಿ ಪಾಠ ಹೇಳಿದ ಗಂಟಲು ಅದು, ಹಾಲಿನ ಕೊನೆಯ ಗೋಡೆಗೆ ಮುಟ್ಟಿತು.

'ಇಷ್ಟು ವರ್ಷ ನಾನು ನಿನ್ನ ಮೇಲೇ ಸಿಟ್ಟು ಮಾಡಿಕೊಂಡಿದ್ದೆ. ಸುಳ್ಳೇ ನನ್ನ ಮೇಲೆ ಹಾಕ್ತಾಳೆ ಅಂತ. ಹಾಗಂತ ಹೇಳಿಕೊಟ್ಟವನೂ ಇವನೇ. ಹೇಳಿಕೊಟ್ಟು ನನ್ನ ಬೆನ್ನು ಸವರಿದ. ನಾನು ಸವರಿಸಿಕೊಂಡು ಸಮಾಧಾನ ಮಾಡಿಕೊಂಡೆ. ಇವನು ತಂದದ್ದನ್ನ ತಿಂದೆ, ಹೊದಿಸಿದ್ದನ್ನ ಹೊದ್ದೆ, ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಇವತ್ತು ಗೊತ್ತಾಯ್ತು ಕಾನ್ಸುವೆಲೋ. ಇವತ್ತೇ ಗೊತ್ತಾಯ್ತು.'

ಪರದೆಯ ಮೇಲೆ ರೆಮೆಡಿಯೋಸ್ ಬಾಯಿ ತೆರೆದಿರಲೇ ಇಲ್ಲ. ಇಂಗ್ಲಿಷ್ ಓದಬಲ್ಲವರೆಲ್ಲ ಪರದೆಯ ಕೆಳಗಿನ ಖಾಲಿ ಜಾಗವನ್ನು ನೋಡುತ್ತಿದ್ದರು, ಆಮೇಲೆ ಅವಳನ್ನು. ಹೃಷಿಕೇಶ್ ಕಾಲ ಮೇಲೆ ಹಾಕಿದ್ದ ಕಾಲನ್ನು ಇಳಿಸಿದ. ಓದಲಾಗದವರು ಕಣ್ಣೊರೆಸಿಕೊಂಡರು. ದೀಪ ಬಂದಾಗ ಹೃಷಿಕೇಶನ ಅತ್ತೆ ಮೈಥಿಲಿಯ ಕೈ ಹಿಡಿದು, 'ಎಂಥಾ ಮಾತು ಬರೆದಿದಾನಮ್ಮ ಆ ಪುಣ್ಯಾತ್ಮ. ಕೊನೆಗಾದ್ರೂ ಗೆಳತಿಗೆ ಸತ್ಯ ಗೊತ್ತಾಯ್ತಲ್ಲ, ಬಿಡು' ಎಂದು ಹೇಳಿ ಮೂಗು ಸೀಟಿಕೊಂಡರು. ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಮಿಟಿಯವರು ಖಾಲಿ ಪಾತ್ರೆಗಳನ್ನು ಬಹಳ ಶ್ರದ್ಧೆಯಿಂದ ಕಾರಿಗೆ ಸಾಗಿಸಿದರು. ಗೋಪಿನಾಥ್ ತಲೆ ಎತ್ತದೆ ವೈರು ಸುತ್ತುತ್ತಿದ್ದ, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ, ಅನ್ನಿಸದಿದ್ದುದಕ್ಕೆ ಬೇಸರವೂ ಆಗಲಿಲ್ಲ. ಶಾಲನ್ನು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದಳು.

ಸಿಲ್ವಿಯಾ ಖಾಲಿ ಸಾಲುಗಳ ನಡುವೆ ನಡೆದು ಬಂದಳು. ಹತ್ತಿರದಲ್ಲಿ ಅವಳ ಮುಖ ಇನ್ನೂ ಇಳಿದುಹೋಗಿತ್ತು. ಮೈಥಿಲಿಗೆ ಕೂಡಲೇ ಅವಳ ಹೆಗಲ ಮೇಲೆ ತಲೆ ಇಡಬೇಕು, ಇಟ್ಟು ಜೋರಾಗಿ ಅಳಬೇಕು ಅನ್ನಿಸಿತು. ಈ ಊರಿಗೆ ಬಂದ ಮೊದಲ ವರ್ಷ ಮಗು ಹೋದಾಗ ಆಸ್ಪತ್ರೆಯಲ್ಲಿ ಹಾಗೆ ಅತ್ತಿದ್ದು ಈ ಹೆಗಲ ಮೇಲೆಯೇ, ಅವತ್ತು ಸಿಲ್ವಿಯಾ ನರ್ಸಿನ ಬಿಳಿ ಬಟ್ಟೆಯಲ್ಲಿದ್ದಳು, ಹೆಸರೂ ಗೊತ್ತಿರಲಿಲ್ಲ.

'ಅದು ಬುಕ್ಕಲ್ಲಿ ಉಂಟಾ?' ಎಂದು ಕೇಳಿದಳು ಸಿಲ್ವಿಯಾ. ಮೂರು ವರ್ಷದ ಮೇಲಿನ ಮೊದಲ ಮಾತು.

'ಇಲ್ಲ.'

'ಹ್ಞಾಂ.' ಸಿಲ್ವಿಯಾ ವೈರು ಸುತ್ತುವವನ ಕಡೆ ಒಮ್ಮೆ ನೋಡಿದಳು. ಸಿಟ್ಟಾಗಲಿಲ್ಲ, ಆಶ್ಚರ್ಯಪಡಲಿಲ್ಲ. 'ಗೋಪಿಯವರಾ?' ಎಂದಳು, ಆಸ್ಪತ್ರೆಯಲ್ಲಿ ಯಾವ ವಾರ್ಡು ಎಂದು ಕೇಳುವ ಹಾಗೆ. ಮೈಥಿಲಿ ಹೌದೆಂದು ತಲೆಯಾಡಿಸಿದಳು. ಇನ್ನು ಕೈ ಹಿಡಿಯುತ್ತಾಳೆ, ಇನ್ನು ಪಾಪ ಎನ್ನುತ್ತಾಳೆ ಎಂದು ಕಾದಳು. ಸಿಲ್ವಿಯಾ ಹಿಡಿಯಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದಳು.

'ಅವ್ರಿಗೆ ಹೇಗೆ ಗೊತ್ತಾದ್ದು ಮೈಥಿಲಿ? ನಾನು ಹೇಳಿದ್ದು ನಿನ್ನತ್ರ ಮಾತ್ರ ಅಲ್ವಾ?'

ಸುಳ್ಳು ಹೇಳಬಹುದಿತ್ತು. ಕದ್ದು ಕೇಳಿಸಿಕೊಂಡ ಎಂದರೆ ಅದು ಪೂರ್ತಿ ಸುಳ್ಳೂ ಅಲ್ಲ.

'ಫೋನು ಸ್ಪೀಕರಲ್ಲಿತ್ತು' ಎಂದಳು ಮೈಥಿಲಿ.

'ಎಂತಕ್ಕೆ?'

'ಚಪಾತಿ ಮಾಡ್ತಿದ್ದೆ. ಕೈಯೆಲ್ಲ ಹಿಟ್ಟಾಗಿತ್ತು. ನೀರಿನ ಸದ್ದಿಗೆ ನೀನು ಹೇಳೋದು ಸರಿಯಾಗಿ ಕೇಳಿಸ್ತಿರಲಿಲ್ಲ, ಅದಕ್ಕೆ... ಸ್ವಲ್ಪ ಜೋರು ಮಾಡಿದೆ. ನೀನು ಪಾತ್ರೆ ತೊಳೀತಿದ್ದೀಯ ಅಂದ್ಕೊಂಡೆ.'

ಸಿಲ್ವಿಯಾ ಹೆಗಲಿಂದ ಜಾರಿದ್ದ ಬ್ಯಾಗಿನ ಪಟ್ಟಿಯನ್ನು ಕೈಯಲ್ಲಿ ಹಿಡಿದಳು.

'ಪಾತ್ರೆ ಅಲ್ಲ ಮಾರಾಯ್ತಿ,' ಎಂದಳು. 'ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿ, ನಲ್ಲಿ ಪೂರ್ತಿ ತಿರುಗಿಸಿ ಬಿಟ್ಟು ಮಾತಾಡಿದ್ದು. ಪಂಗಾನಿಯಲ್ಲಿ ವಾರಕ್ಕೆ ಒಮ್ಮೆ ಬರುವ ನೀರು. ಅಷ್ಟನ್ನೂ ಬಿಟ್ಟೆ, ಲಾರೆನ್ಸಿಗೆ ಕೇಳ್ಬಾರ್ದು ಅಂತ.'

ಅವಳು ಬ್ಯಾಗನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡಳು. ಕುರ್ಚಿಯ ಮೇಲಿದ್ದ ಶಾಲು ಜಾರಿ ನೆಲಕ್ಕೆ ಬಿದ್ದಿತ್ತು, ಅದನ್ನು ಎತ್ತಿ, ಧೂಳು ಕೊಡವಿ, ಮಡಚಿ ಮೈಥಿಲಿಯ ಕೈಗೆ ಕೊಟ್ಟು, ಮಟಾಟು ಸಿಗುವ ಹೊತ್ತಿಗೆ ಹೋಗಬೇಕು ಎಂದು ಹೇಳಿ ಹೊರಟಳು.